ದಿನಚರಿಗಳ ಉತ್ತರಾಧಿಕಾರ

೧

ಗ್ರಂಥಗಳ ಇತಿಹಾಸವನ್ನು ವಿಚಾರಿಸುವವರು ಕಾವ್ಯ, ಶಾಸ್ತ್ರ, ಪುರಾಣಗಳ ವಿಷಯವನ್ನೇ ಎತ್ತಿಕೊಳ್ಳುವುದು ವಾಡಿಕೆ. ಇಂಥ ಗ್ರಂಥಗಳಿಗೆ ಕರ್ತೃವು ಗತಿಸಿದ ಮಾತ್ರಕ್ಕೆ ಅನಾಥಸ್ಥಿತಿಯು ಬರುವುದಿಲ್ಲ. ಶಾಸ್ತ್ರವನ್ನು ಓದುವ ಶಿಷ್ಯನಿಗೆ ಅದರ ಪ್ರತಿ ಬೇಕು. ಪುರಾಣವನ್ನು ಬರೆಯಿಸಿ ದಾನಮಾಡುವ ಗೃಹಸ್ಥನಿಗೆ ಪುಣ್ಯ ಬೇಕು. ಕಾವ್ಯವನ್ನು ವಾಚಿಸುವ ಗಮಕಿಗೆ ಅದು ಜೀವನೋಪಾಯ. ಹೀಗೆ ಒಂದು ಪ್ರತಿಯು ಜೀರ್ಣವಾಗುವಷ್ಟರಲ್ಲಿ ಮತ್ತೊಂದು ಹುಟ್ಟಿರುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರವು ಬಹುಕಾಲ ಇತರರ ಉದ್ಧೃತಿಗಳಿಂದ ಮಾತ್ರ ವಿದ್ವಾಂಸರಿಗೆ ತಿಳಿದಿತ್ತು. ಆದರೂ ಯಾವನೋ ಒಬ್ಬನು ಪ್ರತಿಮಾಡಿಟ್ಟಿದ್ದ ಕಾರಣದಿಂದಲೇ ಅದು ಮೈಸೂರಿನ ಓರಿಯಂಟಲ್ ಲೈಬ್ರರಿಯನ್ನು ಸೇರಿ, ಆರ್. ಶಾಮಶಾಸ್ತ್ರಿಗಳ ಕೈಯಿಂದ ೧೯೦೯ರಲ್ಲಿ ಅಚ್ಚಾಯಿತು.

ಆದರೆ ಒಬ್ಬ ಮನುಷ್ಯನು ದಿನದಿನವೂ ತನ್ನ ಸಲುವಾಗಿಯೇ ಬರೆದಿಟ್ಟ ಬರೆಹದ ಗತಿ ಬೇರೆ. ಅದಕ್ಕೆ ಶಿಷ್ಯರಿಲ್ಲ, ಪಾರಾಯಣವಿಲ್ಲ, ಫಲಶ್ರುತಿಯೂ ಇಲ್ಲ. ಬರೆದವನು ಬದುಕಿರುವವರೆಗೆ ಅವನೇ ಅದರ ಕರ್ತೃ, ಅವನೇ ಲಿಪಿಕಾರ, ಅವನೇ ವಾಚಕ, ಅವನೇ ಕಾವಲುಗಾರ. ಅವನು ತೀರಿಕೊಂಡ ದಿನವೇ ಈ ನಾಲ್ವರೂ ಒಮ್ಮೆಗೇ ಇಲ್ಲವಾಗುತ್ತಾರೆ. ಆಮೇಲೆ ಆ ಬರೆಹವು ಯಾರದು? ಅದನ್ನು ಕಾಯತಕ್ಕವರು ಯಾರು? ಓದಲು ಅಧಿಕಾರವುಳ್ಳವರು ಯಾರು? ಈ ಲೇಖನದಲ್ಲಿ ಕೆಲವು ಪ್ರಸಿದ್ಧ ಉದಾಹರಣೆಗಳ ಮೂಲಕ ಈ ಪ್ರಶ್ನೆಯನ್ನು ವಿಚಾರಿಸಬೇಕೆಂದು ಉದ್ದೇಶಿಸಿದೆ.

ಈ ವಿಚಾರಕ್ಕೆ ನನ್ನನ್ನು ಪ್ರವರ್ತಿಸಿದ ಕಾರಣವನ್ನೂ ಮೊದಲೇ ಹೇಳಿಬಿಡುವುದು ಯುಕ್ತ. ನನಗೆ ಪಾಠಶಾಲೆಯಲ್ಲಿ ವ್ಯಾಕರಣವನ್ನು ಹೇಳಿಕೊಟ್ಟ ಗುರುಗಳು ಮೂವತ್ತೊಂದು ವರ್ಷಗಳ ಕಾಲ ಪ್ರತಿರಾತ್ರಿಯೂ ಲೆಕ್ಕದ ಪುಸ್ತಕಗಳಲ್ಲಿ ದಿನಚರಿಯನ್ನು ಬರೆಯುತ್ತಿದ್ದರು. ತಿಥಿವಾರ, ಮಳೆಬೆಳೆ, ಅಕ್ಕಿಬೇಳೆಗಳ ಧಾರಣೆ, ಅಂದು ನಡೆದ ಪಾಠ, ಪಾಠದಲ್ಲಿ ಎದ್ದ ಶಂಕೆ, ಅದಕ್ಕೆ ತಮಗೆ ತೋರಿದ ಸಮಾಧಾನ: ಇಷ್ಟು ವಿಷಯಗಳು ಅದರಲ್ಲಿ ಇರುತ್ತಿದ್ದುವು. ಅವರು ಪರಂಧಾಮವನ್ನು ಐದಿದ ಮೇಲೆ, ದೂರದ ನಗರದಲ್ಲಿ ಉದ್ಯೋಗದಲ್ಲಿದ್ದ ಅವರ ಪುತ್ರರು, “ಇವನ್ನೆಲ್ಲ ಏನು ಮಾಡಲಿ, ಶಾಸ್ತ್ರಿಗಳೇ? ತಾವೇ ಬಂದು ನೋಡಿ ಹೇಳಬೇಕು” ಎಂದು ನನ್ನನ್ನು ಕೇಳಿದರು. “ಇರಲಿ, ಬರುತ್ತೇನೆ” ಎಂದೆನು. ಹೋದುದು ಎರಡು ಮಳೆಗಾಲಗಳು ಕಳೆದ ಮೇಲೆ. ಅಷ್ಟರಲ್ಲಿ ಅಟ್ಟದ ಮೇಲಿದ್ದ ಪೆಟ್ಟಿಗೆಗೆ ಗೆದ್ದಲು ಹತ್ತಿತ್ತು. ಮೂವತ್ತೊಂದು ಸಂಪುಟಗಳಲ್ಲಿ ಓದಲು ಬರುವಂತೆ ಉಳಿದುವು ಹದಿನಾಲ್ಕು. ಇದರಲ್ಲಿ ಪುತ್ರರ ದೋಷವೇನೂ ಇಲ್ಲ. ಅವರು ಕೇಳಬೇಕಾದವರನ್ನೇ ಕೇಳಿದ್ದರು. ದೋಷವು ನನ್ನದು. ಅಂದಿನಿಂದ, ಇಂಥ ಬರೆಹಗಳು ಲೋಕದಲ್ಲಿ ಹೇಗೆ ಉಳಿದುವು, ಹೇಗೆ ಅಳಿದುವು ಎಂಬುದನ್ನು ಓದಿ ತಿಳಿಯುವ ಆಸಕ್ತಿಯು ನನ್ನಲ್ಲಿ ಬೆಳೆಯಿತು.

೨

ಮೊದಲು ನಮ್ಮ ದೇಶದ ಬರೆವಣಿಗೆಯ ಸಾಮಗ್ರಿಯನ್ನು ಕುರಿತು ಒಂದು ಮಾತು. ಕನ್ನಡನಾಡಿನಲ್ಲಿ ಕಾವ್ಯಶಾಸ್ತ್ರಗಳನ್ನು ತಾಳೆಯ ಗರಿಯಲ್ಲಿ ಕಂಟದಿಂದ ಕೊರೆದು ಬರೆಯುತ್ತಿದ್ದರು. ನಿತ್ಯದ ಲೆಕ್ಕಪತ್ರಗಳಿಗೆ ಬಳಸುತ್ತಿದ್ದುದು ಕಡತ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುವರು. ಬೇಡವಾದಾಗ ಒರಸಿ ಮತ್ತೆ ಬರೆಯಬಹುದು. ಇದು ಕಡತದ ಗುಣವೂ ಹೌದು, ದೋಷವೂ ಹೌದು. ಗರಿಯಲ್ಲಿ ಕೊರೆದುದನ್ನು ಅಳಿಸಬೇಕಾದರೆ ಗರಿಯನ್ನೇ ನಾಶಮಾಡಬೇಕು. ಕಡತದಲ್ಲಿ ಬರೆದುದನ್ನು ಅಳಿಸಲು ಒದ್ದೆಬಟ್ಟೆ ಸಾಕು. ಮಠಗಳಲ್ಲಿಯೂ ಅರಮನೆಗಳಲ್ಲಿಯೂ ಕಾಪಾಡಿಟ್ಟ ಕಡತಗಳು ಉಳಿದಿವೆ. ಏಕೆಂದರೆ ಮಠಕ್ಕೆ ಮರಣವಿಲ್ಲ, ಒಬ್ಬರಾದ ಮೇಲೆ ಒಬ್ಬರು ಪಟ್ಟಕ್ಕೆ ಬರುತ್ತಾರೆ. ಗೃಹಸ್ಥನ ಕಡತಕ್ಕೆ ಈ ಭಾಗ್ಯವಿಲ್ಲ. ತಂದೆಯ ಬರೆಹವನ್ನು ಒರಸಿ ಮಗನು ತನ್ನ ಲೆಕ್ಕವನ್ನು ಬರೆದುಕೊಂಡರೆ ಅದು ದ್ರೋಹವೆಂದು ಯಾರೂ ಎಣಿಸುವಂತಿರಲಿಲ್ಲ.

ಜೀರ್ಣವಾದ ಓಲೆಯ ಕಟ್ಟುಗಳನ್ನು ಹೊಳೆಗೆ ಬಿಡುವ ಪದ್ಧತಿಯೂ ನಮ್ಮಲ್ಲಿ ಇದ್ದಿತು. ಅದರ ಮೂಲದಲ್ಲಿದ್ದುದು ತಿರಸ್ಕಾರವಲ್ಲ, ಗೌರವ: ಅಕ್ಷರವು ಕಾಲಿಗೆ ಸಿಕ್ಕಬಾರದೆಂಬ ಭಾವನೆ. ಆದರೆ ಗೌರವದಿಂದ ಬಿಟ್ಟ ಕಟ್ಟೂ ನೀರಿನಲ್ಲಿ ಕರಗುವುದೇ ಸರಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಿ. ಎಲ್. ರೈಸ್, ಆರ್. ನರಸಿಂಹಾಚಾರ್ಯರು ಮೊದಲಾದ ಮಹನೀಯರು ಕೈಬರೆಹಗಳನ್ನು ಅರಸಿ ಸಂಗ್ರಹಿಸಿ ಮಾಡಿದ ಉಪಕಾರವು ಅಪಾರವಾದುದು. ಅವರು ಅರಸಿದುದು ಕವಿಗಳನ್ನು. ಅಂದಿನ ಅಗತ್ಯವೂ ಅದೇ ಆಗಿದ್ದಿತು. ಅದೇ ಮನೆಗಳ ಅಟ್ಟಗಳ ಮೇಲೆ ಗೃಹಸ್ಥರ ನಿತ್ಯದ ಬರೆಹಗಳು ಇದ್ದಿದ್ದರೆ, ಅವನ್ನು ಕೇಳಿ ಬರುವವರು ಇರಲಿಲ್ಲ.

೩

ಇಂಥ ಬರೆಹವು ಉಳಿದುದಕ್ಕೆ ದಕ್ಷಿಣ ದೇಶದಲ್ಲಿ ದೊರೆಯುವ ಅತ್ಯಂತ ಶ್ರೇಷ್ಠವಾದ ನಿದರ್ಶನವು ಪಾಂಡಿಚೇರಿಯ ಆನಂದರಂಗಪಿಳ್ಳೆಯ ದಿನಚರಿ. ಈತನು ಹುಟ್ಟಿದುದು ೧೭೦೯ರಲ್ಲಿ, ಮದರಾಸಿನ ಪೆರಂಬೂರಿನಲ್ಲಿ. ಬಾಲ್ಯದಲ್ಲಿಯೇ ತಂದೆಯೊಡನೆ ಪಾಂಡಿಚೇರಿಗೆ ಬಂದು, ವ್ಯಾಪಾರದಲ್ಲಿ ಮುಂದೆ ಬಂದು, ಫ್ರೆಂಚರ ಸೇವೆಯಲ್ಲಿ ನಿಂತು, ೧೭೪೬ರಲ್ಲಿ ಕನಕರಾಯ ಮೊದಲಿಯಾರನು ಗತಿಸಿದ ಬಳಿಕ ಗವರ್ನರ್ ಡ್ಯೂಪ್ಲೆಯ ಮುಖ್ಯ ದುಭಾಷಿಯಾದನು. ಆತನ ದಿನಚರಿಯು ೧೭೩೬ರ ಸೆಪ್ಟೆಂಬರಿನಲ್ಲಿ ಪ್ರಾರಂಭವಾಗಿ, ಅಲ್ಲಲ್ಲಿ ಲೋಪಗಳಿದ್ದರೂ, ೧೭೬೧ರ ಜನವರಿಯವರೆಗೆ ನಡೆದಿದೆ. ಭಾಷೆ ತಮಿಳು, ಶೈಲಿಯು ಪಂಡಿತರದಲ್ಲ, ವರ್ತಕರ ಆಡುಮಾತು.

ಹಡಗುಗಳು ಬಂದುದು, ಹೋದುದು, ತೋಪು ಹಾರಿಸಿದ ಎಣಿಕೆ, ಬಟ್ಟೆಯ ವ್ಯಾಪಾರ, ಜೋಯಿಸರು ಹೇಳಿದ ಭವಿಷ್ಯ, ಗವರ್ನರನು ಏಕಾಂತದಲ್ಲಿ ಆಡಿದ ಮಾತು, ಅವನ ಹೆಂಡತಿಯ ಮೇಲೆ ತನಗಿದ್ದ ಅಸಮಾಧಾನ: ಎಲ್ಲವನ್ನೂ ಪಿಳ್ಳೆಯು ಬರೆದಿದ್ದಾನೆ. ೧೭೪೬ರಲ್ಲಿ ಫ್ರೆಂಚರು ಮದರಾಸನ್ನು ಹಿಡಿದುದು, ೧೭೪೮ರಲ್ಲಿ ಆಂಗ್ಲೇಯರು ಪಾಂಡಿಚೇರಿಗೆ ಮುತ್ತಿಗೆ ಹಾಕಿ ಹಿಂದಿರುಗಿದುದು, ೧೭೫೪ರಲ್ಲಿ ಡ್ಯೂಪ್ಲೆಯು ಅಧಿಕಾರವನ್ನು ಬಿಟ್ಟು ಸ್ವದೇಶಕ್ಕೆ ತೆರಳಿದುದು: ಇವೆಲ್ಲವೂ ಈ ದಿನಚರಿಯ ಕಾಲದೊಳಗೇ ಬರುತ್ತವೆ. ಮೈಸೂರಿನ ಹೈದರಾಲಿಯು ೧೭೬೦ರಲ್ಲಿ ಫ್ರೆಂಚ್ ಸೇನಾಪತಿ ಲಾಲಿಯೊಡನೆ ಒಪ್ಪಂದ ಮಾಡಿಕೊಂಡು ಸೈನ್ಯವನ್ನು ಕಳುಹಿಸಿದ ಕಾಲವೂ ಇದರೊಳಗೆ ಸೇರಿದೆ. ಫ್ರೆಂಚರ ಅಧಿಕೃತ ಕಾಗದಪತ್ರಗಳು ಅವರ ದೇಶದಲ್ಲಿ ಇವೆ. ಆದರೆ ಆ ಕಾಗದಗಳನ್ನು ಬರೆಯುವ ಮುನ್ನ ಬಾಗಿಲ ಒಳಗೆ ನಡೆದ ಮಾತು ಏನು, ಅದನ್ನು ಕೇಳಿದ ಈ ದೇಶದವನಿಗೆ ಅದು ಹೇಗೆ ಕಂಡಿತು ಎಂಬುದಕ್ಕೆ ಪಿಳ್ಳೆಯ ದಿನಚರಿಗೆ ಸಮನಾದ ಸಾಕ್ಷ್ಯ ಮತ್ತೊಂದಿಲ್ಲ.

ಆ ಸಾಕ್ಷ್ಯವು ಉಳಿದ ಬಗೆಯೇ ನಮಗೆ ಇಲ್ಲಿ ಪ್ರಕೃತ. ಪಿಳ್ಳೆಯು ಕಣ್ಣುಮುಚ್ಚಿದುದು ೧೭೬೧ರ ಜನವರಿಯಲ್ಲಿ, ಪಟ್ಟಣವು ಆಂಗ್ಲೇಯರ ವಶವಾಗುವುದಕ್ಕೆ ಕೆಲವೇ ದಿನಗಳ ಮೊದಲು. ವಿಜಯಿಗಳು ಕೋಟೆಯನ್ನೂ ಫ್ರೆಂಚರ ಭವನಗಳನ್ನೂ ಕೆಡವಿಹಾಕಿದರು. ಪಿಳ್ಳೆಯ ಮನೆಯು ಉಳಿದುಕೊಂಡಿತು. ಅದು ಇಂದಿಗೂ ಆ ಊರಿನಲ್ಲಿದೆ. ಮನೆಯೊಂದಿಗೆ ದಿನಚರಿಯ ಸಂಪುಟಗಳೂ ಉಳಿದುವು. ಅಷ್ಟೇ ಅಲ್ಲ, ಸೋದರನ ಮಗನೇ ಮೊದಲಾದ ಮನೆತನದವರು ಕೆಲವು ಕಾಲ ತಾವೂ ದಿನಚರಿಯನ್ನು ಬರೆದರು. ಹಿರಿಯನ ಬರೆಹವು ಅವರಿಗೆ ಕೇವಲ ಹಳೆಯ ಕಾಗದವಾಗಿರಲಿಲ್ಲ, ಮನೆಯ ಆಚಾರವಾಗಿದ್ದಿತು ಎಂಬುದು ಇದರಿಂದ ಊಹ್ಯವಾಗುತ್ತದೆ.

ಆದರೆ ಮನೆಯು ಕಾಯಬಲ್ಲುದೇ ಹೊರತು ಲೋಕಕ್ಕೆ ತಿಳಿಸಲಾರದು. ಎಂಬತ್ತೈದು ವರ್ಷಗಳ ಕಾಲ ಆ ಸಂಪುಟಗಳ ವಿಷಯವು ಹೊರಗಿನವರಿಗೆ ತಿಳಿಯಲಿಲ್ಲ. ೧೮೪೬ರಲ್ಲಿ ಗಾಲ್ವಾ ಮೊಂಬ್ರಂ ಎಂಬ ಫ್ರೆಂಚ್ ಗೃಹಸ್ಥನು ಅವನ್ನು ಕಂಡು, ಪ್ರತಿಮಾಡಿಸಿದನು. ಆರಿಯೆಲ್ ಎಂಬ ವಿದ್ವಾಂಸನು ಮಾಡಿಸಿಕೊಂಡ ಪ್ರತಿಯು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯವನ್ನು ಸೇರಿತು. ವಿನ್ಸೋಂ ಎಂಬ ತಮಿಳು ವಿದ್ವಾಂಸನು ೧೮೯೪ರಲ್ಲಿ ಕೆಲವು ಭಾಗಗಳನ್ನು ಫ್ರೆಂಚಿನಲ್ಲಿ ಪ್ರಕಟಿಸಿದನು. ಮದರಾಸಿನ ಸರಕಾರವು ಮತ್ತೊಂದು ಪ್ರತಿಯನ್ನು ಮಾಡಿಸಿ, ಅದರಿಂದ ಇಂಗ್ಲಿಷ್ ಭಾಷಾಂತರವನ್ನು ೧೯೦೪ರಿಂದ ೧೯೨೮ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚುಹಾಕಿಸಿತು. ಮೊದಲ ಸಂಪುಟಗಳನ್ನು ಪ್ರೈಸ್ ಎಂಬವನು ಕೆ. ರಂಗಾಚಾರ್ಯರ ನೆರವಿನಿಂದಲೂ, ಮುಂದಿನವನ್ನು ಡಾಡ್‌ವೆಲ್ ಎಂಬವನೂ ಸಂಪಾದಿಸಿದರು.

ಈ ಕ್ರಮದಲ್ಲಿ ಗಮನಿಸತಕ್ಕ ಅಂಶವೊಂದುಂಟು. ಬರೆಹವು ಮನೆಯಲ್ಲಿ ಉಳಿದುದು ರಕ್ಷಣೆಯ ಮೊದಲ ಹೆಜ್ಜೆ ಮಾತ್ರ. ಎರಡನೆಯ ಹೆಜ್ಜೆ ಪ್ರತಿ. ಪ್ರತಿಯು ಒಂದು ಮನೆಯಿಂದ ಹೊರಟು ಮೂರು ಸ್ಥಳಗಳಲ್ಲಿ ನೆಲೆನಿಂತ ಮೇಲೆ, ಯಾವುದೋ ಒಂದು ಅಟ್ಟದ ಗೆದ್ದಲು ಇಡೀ ಬರೆಹವನ್ನು ನುಂಗುವ ಭಯವು ತಪ್ಪಿತು.

೪

ಇದಕ್ಕೆ ಪ್ರತಿಯಾಗಿ, ತನ್ನ ಬರೆಹದ ಮುಂದಿನ ಗತಿಯನ್ನು ತಾನೇ ವ್ಯವಸ್ಥೆಮಾಡಿ ಹೋದವನೊಬ್ಬನ ವೃತ್ತಾಂತವನ್ನು ನೋಡೋಣ. ಇಂಗ್ಲೆಂಡಿನ ನೌಕಾಪಡೆಯ ಆಡಳಿತದಲ್ಲಿ ಅಧಿಕಾರಿಯಾಗಿದ್ದ ಸ್ಯಾಮ್ಯುಯೆಲ್ ಪೀಪ್ಸ್ ಎಂಬವನು ೧೬೬೦ರ ಜನವರಿ ೧ರಿಂದ ೧೬೬೯ರ ಮೇ ೩೧ರವರೆಗೆ ದಿನಚರಿಯನ್ನು ಬರೆದನು. ಕಣ್ಣು ಹೋಗಿಬಿಡುವುದೆಂಬ ಭಯದಿಂದ ಅಲ್ಲಿಗೆ ನಿಲ್ಲಿಸಿದನು. ೧೬೬೫ರ ಮಹಾಮಾರಿ, ೧೬೬೬ರಲ್ಲಿ ಲಂಡನ್ ನಗರವು ಸುಟ್ಟುಹೋದುದು ಇವುಗಳ ಪ್ರತ್ಯಕ್ಷವರ್ಣನೆಯು ಅದರಲ್ಲಿದೆ. ತನ್ನ ಸಣ್ಣತನಗಳನ್ನೂ ಅವನು ಅಡಗಿಸದೆ ಬರೆದಿದ್ದಾನೆ. ಬರೆದುದು ಮಾತ್ರ ಶೆಲ್ಟನ್ ಎಂಬವನು ಕಲ್ಪಿಸಿದ ಶೀಘ್ರಲಿಪಿಯಲ್ಲಿ. ಸಾಮಾನ್ಯರು ತೆರೆದು ನೋಡಿದರೂ ಏನೂ ತಿಳಿಯದು.

ಪೀಪ್ಸನು ೧೭೦೩ರಲ್ಲಿ ಸತ್ತನು. ಆತನಿಗೆ ಮಕ್ಕಳಿರಲಿಲ್ಲ. ದಿನಚರಿಯ ಆರು ಸಂಪುಟಗಳೂ ಸೇರಿದಂತೆ ಸುಮಾರು ಮೂರು ಸಾವಿರ ಪುಸ್ತಕಗಳ ತನ್ನ ಭಂಡಾರವನ್ನು ಅವನು ಸೋದರಳಿಯನಾದ ಜಾನ್ ಜಾಕ್ಸನ್ನನಿಗೆ ಜೀವಮಾನಪರ್ಯಂತ ಕೊಟ್ಟು, ಆಮೇಲೆ ಅದು ಕೇಂಬ್ರಿಜ್ಜಿನ ಕಾಲೇಜಿಗೆ ಸೇರತಕ್ಕದ್ದೆಂದು ಗೊತ್ತುಮಾಡಿದ್ದನು. ಹಾಗೆಯೇ ೧೭೨೪ರಲ್ಲಿ ಅದು ಮಾಡ್ಲಿನ್ ಕಾಲೇಜನ್ನು ಸೇರಿತು. ಪುಸ್ತಕಗಳಿಗೆ ಒಂದನ್ನೂ ಸೇರಿಸಕೂಡದು, ಒಂದನ್ನೂ ತೆಗೆಯಕೂಡದು. ಟ್ರಿನಿಟಿ ಕಾಲೇಜಿನವರು ವರ್ಷಕ್ಕೊಮ್ಮೆ ಬಂದು ಪರೀಕ್ಷಿಸತಕ್ಕದ್ದು. ನಿಬಂಧನೆಗೆ ಭಂಗ ಬಂದಲ್ಲಿ ಭಂಡಾರವು ಆ ಕಾಲೇಜಿಗೇ ಹೋಗತಕ್ಕದ್ದು ಎಂದು ಕಟ್ಟುಮಾಡಿದ್ದಿತು. ಕಾವಲುಗಾರನಿಗೆ ಮತ್ತೊಬ್ಬ ಕಾವಲುಗಾರನನ್ನು, ಅದೂ ಪ್ರತಿಸ್ಪರ್ಧಿಯನ್ನು, ನಿಯಮಿಸಿದ ಈ ಜಾಣ್ಮೆಯು ನಮ್ಮ ಶಾಸನಗಳಲ್ಲಿ ದತ್ತಿಯನ್ನು ಕೆಡಿಸಿದವನಿಗೆ ಶಾಪಾಶಯವನ್ನು ಬರೆಯಿಸುತ್ತಿದ್ದುದನ್ನು ನೆನಪಿಗೆ ತರುತ್ತದೆ. ಶಾಪಕ್ಕಿಂತ ಪ್ರತಿಸ್ಪರ್ಧಿಯ ಭಯವು ಹೆಚ್ಚು ಕೆಲಸಮಾಡಿರಬಹುದು.

ಹೀಗೆ ಸ್ಥಾನವು ಸಿದ್ಧವಾಗಿದ್ದರೂ ಓದುಗರಿಲ್ಲದೆ ದಿನಚರಿಯು ಸುಮಾರು ನೂರು ವರ್ಷ ಕಪಾಟಿನಲ್ಲಿಯೇ ಇದ್ದಿತು. ೧೮೧೮ರಲ್ಲಿ ಅವನ ಮಿತ್ರನಾದ ಈವ್ಲಿನ್ನನ ದಿನಚರಿಯು ಅಚ್ಚಾಗಿ ಜನಾದರವನ್ನು ಪಡೆದ ಮೇಲೆ, ಪೀಪ್ಸನ ಸಂಪುಟಗಳ ಕಡೆಗೆ ಕಾಲೇಜಿನವರ ದೃಷ್ಟಿ ಹರಿಯಿತು. ಜಾನ್ ಸ್ಮಿತ್ ಎಂಬ ಬಡ ವಿದ್ಯಾರ್ಥಿಯೊಬ್ಬನು ೧೮೧೯ರಿಂದ ೧೮೨೨ರವರೆಗೆ ಶ್ರಮಪಟ್ಟು ಇಡೀ ಬರೆಹವನ್ನು ಬಿಡಿಸಿ ಬರೆದನು. ಆ ಲಿಪಿಯ ಕೈಪಿಡಿಯು ಅದೇ ಭಂಡಾರದಲ್ಲಿಯೇ ಇದ್ದಿತು. ಅದನ್ನು ಅವನಿಗೆ ಯಾರೂ ಹೇಳಲಿಲ್ಲ! ೧೮೨೫ರಲ್ಲಿ ಅಚ್ಚಾದುದು ಒಂದು ಭಾಗ ಮಾತ್ರ. ಸಂಪಾದಕರಿಗೆ ಅಲ್ಪವೆಂದೋ ಅಸಭ್ಯವೆಂದೋ ತೋರಿದುದು ಬಿಟ್ಟುಹೋಯಿತು. ಪೂರ್ಣಪಾಠವು ೧೯೭೦ರಿಂದ ೧೯೮೩ರವರೆಗೆ ಹನ್ನೊಂದು ಸಂಪುಟಗಳಲ್ಲಿ ಹೊರಬಂದಿತು.

ಇದರಿಂದ ತಿಳಿಯುವುದು ಎರಡು ಸಂಗತಿ. ಸ್ಥಾನವೊಂದಿದ್ದರೆ ಸಾಲದು, ಬರೆಹದ ಬೀಗದ ಕೈ ಎಲ್ಲಿದೆಯೆಂಬುದನ್ನೂ ತಿಳಿಸಿ ಹೋಗಬೇಕು. ಈ ಮಾತು ಇಂದು ಗಣಕಯಂತ್ರದಲ್ಲಿ ದಿನಚರಿಯನ್ನು ಬರೆದು ಗುಪ್ತಪದದಿಂದ ಬಂಧಿಸುವವರಿಗೂ ಸಲ್ಲುತ್ತದೆ. ಪೀಪ್ಸನ ಲಿಪಿಯನ್ನು ಬುದ್ಧಿಬಲದಿಂದ ಬಿಡಿಸಬಹುದಾಗಿದ್ದಿತು, ಇಂದಿನ ಬಂಧವು ಅಷ್ಟು ಸುಲಭವಾಗಿ ಬಿಚ್ಚುವಂಥದಲ್ಲ. ಎರಡನೆಯದು, ಯಾವುದು ಅಲ್ಪ, ಯಾವುದು ಮುಖ್ಯ ಎಂಬುದನ್ನು ಮೊದಲು ಕೈಗೆತ್ತಿಕೊಂಡವನು ತೀರ್ಮಾನಿಸುವುದು ಅಪಾಯಕರ. ಒಂದು ತಲೆಮಾರು ಬಿಟ್ಟ ಪುಟವನ್ನು ಮತ್ತೊಂದು ತಲೆಮಾರು ಅರಸಿಕೊಂಡು ಬರುತ್ತದೆ.

೫

ಮೂರನೆಯ ಉದಾಹರಣೆಯು ನಮ್ಮ ನಾಡಿನದೇ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದು ಟೀಪೂ ಸುಲ್ತಾನನು ಯುದ್ಧದಲ್ಲಿ ಮಡಿದ ಬಳಿಕ, ಅರಮನೆಯ ಕಾಗದಪತ್ರಗಳು ಆಂಗ್ಲೇಯರ ಕೈಗೆ ಬಂದುವು. ಅವುಗಳ ನಡುವೆ ಪಾರಸೀ ಭಾಷೆಯಲ್ಲಿ ಸುಲ್ತಾನನು ಸ್ವಹಸ್ತದಿಂದ ತನ್ನ ಕನಸುಗಳನ್ನು ಬರೆದಿಟ್ಟಿದ್ದ ಪುಸ್ತಕವೊಂದು ಕರ್ನಲ್ ಕಿರ್ಕ್‌ಪ್ಯಾಟ್ರಿಕ್ಕನಿಗೆ ದೊರೆಯಿತು. ಮೂವತ್ತೇಳು ಕನಸುಗಳು ಅದರಲ್ಲಿವೆ. ಸುಲ್ತಾನನ ಮುನ್ಷಿಯಾಗಿದ್ದ ಹಬೀಬುಲ್ಲಾ ಎಂಬವನಿಗೆ ಇಂಥ ಪುಸ್ತಕವಿದೆಯೆಂಬುದು ಮಾತ್ರ ಗೊತ್ತಿದ್ದಿತು. ಅದರೊಳಗೆ ಏನಿದೆಯೆಂಬುದು ಗೊತ್ತಿರಲಿಲ್ಲ. ಅದನ್ನು ಓದುವಾಗಲೂ ಬರೆಯುವಾಗಲೂ ಇತರರ ಕಣ್ಣಿಗೆ ಬೀಳದಂತೆ ಸುಲ್ತಾನನು ಎಚ್ಚರವಹಿಸುತ್ತಿದ್ದನಂತೆ.

ಆಪ್ತರಿಗೂ ತೋರಿಸದಿದ್ದ ಪುಸ್ತಕವನ್ನು ಮೊದಲು ಓದಿದವರು ಶತ್ರುಗಳು! ಬೀಟ್‌ಸನ್ ಎಂಬವನು ೧೮೦೦ರಲ್ಲಿ ಗವರ್ನರ್ ಜನರಲ್ಲನ ಪರವಾಗಿ ಅದನ್ನು ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಡೈರೆಕ್ಟರುಗಳಿಗೆ ಒಪ್ಪಿಸಿದನು. ತಾನು ಆ ಯುದ್ಧವನ್ನು ಕುರಿತು ಬರೆದ ಪುಸ್ತಕದಲ್ಲಿ ಕೆಲವು ಕನಸುಗಳನ್ನು ಅಚ್ಚುಹಾಕಿಸಿದನು. ಮೂಲವು ಈಗ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ಮಹಮೂದ್ ಹುಸೇನರು ಮಾಡಿದ ಇಂಗ್ಲಿಷ್ ಅನುವಾದವು ೧೯೫೭ರಲ್ಲಿ ಕರಾಚಿಯಲ್ಲಿ ಪ್ರಕಟವಾಯಿತು. ಸುಲ್ತಾನನ ಗ್ರಂಥಭಂಡಾರದ್ದೂ ಇದೇ ಬಗೆಯ ಗತಿ: ಸುಮಾರು ಎರಡು ಸಾವಿರ ಗ್ರಂಥಗಳಿದ್ದ ಆ ಭಂಡಾರವು ಶ್ರೀರಂಗಪಟ್ಟಣವನ್ನು ಬಿಟ್ಟು ಹೋಯಿತು, ಅದರ ವಿವರಣಾತ್ಮಕ ಪಟ್ಟಿಯನ್ನು ಚಾರ್ಲ್ಸ್ ಸ್ಟುವರ್ಟನು ೧೮೦೯ರಲ್ಲಿ ಪ್ರಕಟಿಸಿದನು.

ಇಲ್ಲಿ ಇತಿಹಾಸಕಾರನ ಮನಸ್ಸು ಎರಡಾಗುತ್ತದೆ. ಕನಸುಗಳ ಪುಸ್ತಕವು ಆ ದಿನದ ಕೋಲಾಹಲದಲ್ಲಿ ಹಾಳಾಗಿದ್ದರೆ, ಒಬ್ಬ ಅರಸನ ಅಂತರಂಗದ ಆಸೆ ಆತಂಕಗಳನ್ನು ಅವನ ಮಾತಿನಲ್ಲಿಯೇ ತಿಳಿಯುವ ಅವಕಾಶವು ನಮಗೆ ತಪ್ಪುತ್ತಿದ್ದಿತು. ಆದರೆ ಅದು ಉಳಿದುದು ಗೆದ್ದವರ ಸಂಗ್ರಹಾಭಿಲಾಷೆಯಿಂದ. ಅದಕ್ಕೆ ಮೊದಲು ಅರ್ಥವನ್ನು ಹೇಳಿದವರೂ ಗೆದ್ದವರೇ. ತನ್ನವರಿಗೆ ಒಪ್ಪಿಸದೆ ಹೋದ ಬರೆಹಕ್ಕೆ ಉತ್ತರಾಧಿಕಾರಿಯನ್ನು ಸಂದರ್ಭವು ಆರಿಸುತ್ತದೆ. ಆ ಉತ್ತರಾಧಿಕಾರಿಯು ಮಿತ್ರನೇ ಆಗಿರಬೇಕೆಂಬ ನಿಯಮವಿಲ್ಲ.

೬

ಇನ್ನು, ಬರೆದವನ ಇಚ್ಛೆಯನ್ನು ಕುರಿತ ಪ್ರಶ್ನೆ. ನಾಶಮಾಡಬೇಕೆಂದು ಹೇಳಿ ಹೋದವನ ಬರೆಹವನ್ನು ಉಳಿಸುವುದು ಧರ್ಮವೇ? ಉಳಿಯಲೆಂದು ಬರೆದುದನ್ನು ಸುಡುವುದು ಧರ್ಮವೇ? ಎರಡೂ ನಡೆದಿವೆ. ಇಂಗ್ಲಿಷ್ ಕವಿ ಬೈರನ್ ೧೮೨೪ರ ಏಪ್ರಿಲ್ಲಿನಲ್ಲಿ ಗ್ರೀಸ್ ದೇಶದಲ್ಲಿ ಗತಿಸಿದನು. ಆತನು ತನ್ನ ಆತ್ಮವೃತ್ತಾಂತವನ್ನು ಬರೆದು ಮಿತ್ರನಾದ ಥಾಮಸ್ ಮೂರನಿಗೆ ಕೊಟ್ಟಿದ್ದನು. ಅದೇ ವರ್ಷದ ಮೇ ೧೭ರಂದು, ಲಂಡನ್ನಿನ ಪ್ರಕಾಶಕ ಮರ್ರೆಯ ಮನೆಯಲ್ಲಿ, ಕವಿಯ ಕೀರ್ತಿಗೆ ಕಳಂಕ ಬರುವುದೆಂದು ಹೇಳಿ ಆ ಕೈಬರೆಹವನ್ನು ಒಲೆಗೆ ಹಾಕಿದರು. ಸುಟ್ಟವರು ಶತ್ರುಗಳಲ್ಲ, ಹಿತೈಷಿಗಳೆಂದು ತಮ್ಮನ್ನು ತಿಳಿದವರು. ಸರಿಯಾಗಿ ಒಂದು ನೂರು ವರ್ಷಗಳ ಬಳಿಕ, ೧೯೨೪ರಲ್ಲಿ, ಪ್ರಾಗ್ ನಗರದ ಫ್ರಾಂಜ್ ಕಾಫ್ಕನು ಗತಿಸಿದನು. ಅಚ್ಚಾಗದ ತನ್ನ ಬರೆಹಗಳನ್ನೂ ದಿನಚರಿಗಳನ್ನೂ ಸುಟ್ಟುಬಿಡಬೇಕೆಂದು ಅವನು ಮಿತ್ರನಾದ ಮ್ಯಾಕ್ಸ್ ಬ್ರೋಡನಿಗೆ ಬರೆದಿಟ್ಟಿದ್ದನು. ಬ್ರೋಡನು ಸುಡಲಿಲ್ಲ, ಮರುವರ್ಷದಿಂದಲೇ ಒಂದೊಂದಾಗಿ ಪ್ರಕಟಿಸಿದನು. ೧೯೩೯ರಲ್ಲಿ ಜರ್ಮನರು ಪ್ರಾಗನ್ನು ಆಕ್ರಮಿಸಿದಾಗ ಆ ಕಾಗದಗಳನ್ನು ಪೆಟ್ಟಿಗೆಯಲ್ಲಿ ಹೊತ್ತುಕೊಂಡೇ ಆ ಊರನ್ನು ಬಿಟ್ಟನು. ರೋಮಿನ ಮಹಾಕವಿ ವರ್ಜಿಲನು ಮರಣಕಾಲದಲ್ಲಿ ತನ್ನ ಅಪೂರ್ಣಕಾವ್ಯವನ್ನು ಸುಡಬೇಕೆಂದು ಬಯಸಿದನೆಂದೂ, ಚಕ್ರವರ್ತಿಯು ಅದನ್ನು ತಡೆದನೆಂದೂ ಪ್ರಾಚೀನರು ಹೇಳುತ್ತಾರೆ.

ನಮ್ಮ ಸಂಪ್ರದಾಯವು ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಎದುರಿಸಿತು. ಬಾಣಭಟ್ಟನು ಕಾದಂಬರಿಯನ್ನು ಮುಗಿಸದೆಯೇ ಗತಿಸಿದಾಗ, ಮಗನು ಅದನ್ನು ಮುಂದುವರಿಸಿ ಪೂರ್ಣಮಾಡಿದನು. ತಂದೆಯ ಬರೆಹವನ್ನು ಪಿತೃಋಣದ ಒಂದು ಅಂಗವೆಂದು ಭಾವಿಸಿದುದಕ್ಕೆ ಇದು ನಿದರ್ಶನ. ಆದರೆ ಕಾವ್ಯವನ್ನು ಮುಗಿಸಬಹುದು, ದಿನಚರಿಯನ್ನು ಮುಗಿಸಲಾಗದು. ಅದು ನಿಂತ ದಿನವೇ ಅದರ ಸಮಾಪ್ತಿ. ಉತ್ತರಾಧಿಕಾರಿಗೆ ಅಲ್ಲಿ ಕರ್ತೃತ್ವವಿಲ್ಲ, ರಕ್ಷಕತ್ವ ಮಾತ್ರ ಉಂಟು.

ಆ ರಕ್ಷಕತ್ವವನ್ನು ಆದರ್ಶವಾಗಿ ನಡೆಸಿದುದಕ್ಕೆ ಸಮೀಪಕಾಲದ ಒಂದು ಉದಾಹರಣೆಯುಂಟು. ಮಹಾತ್ಮಾ ಗಾಂಧಿಯವರ ಕಾರ್ಯದರ್ಶಿಗಳಾಗಿದ್ದ ಮಹಾದೇವ ದೇಸಾಯಿಯವರು ೧೯೧೭ರಿಂದ ಇಪ್ಪತ್ತೈದು ವರ್ಷಗಳ ಕಾಲ ದಿನಚರಿಯನ್ನು ಬರೆದರು. ೧೯೪೨ರ ಆಗಸ್ಟ್ ೯ರಂದು ಬಂಧಿತರಾಗಿ, ಪುಣೆಯ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗಲೇ, ಅದೇ ತಿಂಗಳು ೧೫ರಂದು ಹಠಾತ್ತನೆ ತೀರಿಕೊಂಡರು. ಯಾವ ವ್ಯವಸ್ಥೆಯನ್ನು ಮಾಡುವುದಕ್ಕೂ ಅವರಿಗೆ ಅವಕಾಶವಿರಲಿಲ್ಲ. ಆದರೆ ಅವರ ಬಾಳಿನ ಸ್ನೇಹಿತರಾದ ನರಹರಿ ಪರೀಖರು ಆ ಗುಜರಾತಿ ಸಂಪುಟಗಳನ್ನು ಕೈಗೆತ್ತಿಕೊಂಡು ಸಂಪಾದಿಸಿದರು. ೧೯೪೮ರಿಂದ ಅವು ಪ್ರಕಟವಾಗತೊಡಗಿದುವು. ಪರೀಖರು ೧೯೫೭ರಲ್ಲಿ ಗತಿಸಿದ ಮೇಲೆ ಆ ಭಾರವನ್ನು ಮತ್ತೊಬ್ಬರು ಹೊತ್ತರು. ಇಲ್ಲಿ ಉಯಿಲೂ ಇರಲಿಲ್ಲ, ಗುಪ್ತಲಿಪಿಯೂ ಇರಲಿಲ್ಲ. ಇದ್ದುದು ಆ ಕೈಬರೆಹವನ್ನು ಬಲ್ಲ, ಅದರಲ್ಲಿ ಬರುವ ಜನರನ್ನು ಬಲ್ಲ, ಅರ್ಧಕ್ಕೆ ಬಿಟ್ಟ ವಾಕ್ಯದ ಉಳಿದರ್ಧವನ್ನೂ ಬಲ್ಲ ಸ್ನೇಹಿತ.

೭

ಈವರೆಗಿನ ವಿಚಾರವನ್ನು ಸಂಗ್ರಹಿಸಿ ಹೇಳುವುದಾದರೆ, ದಿನಚರಿಯೊಂದು ಬರೆದವನ ಮರಣಾನಂತರ ಉಳಿಯುವುದಕ್ಕೆ ಬರೆಹದ ಯೋಗ್ಯತೆಯೊಂದೇ ಕಾರಣವಲ್ಲ. ಪಿಳ್ಳೆಯ ದಿನಚರಿಯು ೧೮೪೫ರಲ್ಲಿಯೂ ಅಷ್ಟೇ ಯೋಗ್ಯವಾಗಿದ್ದಿತು. ಆ ವರ್ಷ ಅದು ಸುಟ್ಟುಹೋಗಿದ್ದರೆ ಇಂಥದೊಂದು ನಷ್ಟವಾಯಿತೆಂಬುದೂ ಲೋಕಕ್ಕೆ ತಿಳಿಯುತ್ತಿರಲಿಲ್ಲ. ಉಳಿವಿಗೆ ಬೇಕಾದುವು ನಾಲ್ಕು: ಇಡುವ ಸ್ಥಾನ, ಹೊಣೆಹೊರುವ ಒಬ್ಬ ವ್ಯಕ್ತಿ, ಮೂಲದಿಂದ ದೂರದಲ್ಲಿರುವ ಒಂದು ಪ್ರತಿ, ಮತ್ತು ಓದಲು ಬೇಕಾದ ಕೀಲಿ. ಪಿಳ್ಳೆಗೆ ಸ್ಥಾನವೂ ಕಾಲಾಂತರದಲ್ಲಿ ಪ್ರತಿಯೂ ದೊರೆತುವು. ಪೀಪ್ಸನಿಗೆ ಸ್ಥಾನವಿದ್ದಿತು, ಕೀಲಿಯು ಕಪಾಟಿನಲ್ಲಿಯೇ ಮರೆತುಹೋಗಿದ್ದಿತು. ಸುಲ್ತಾನನಿಗೆ ದೊರೆತ ವ್ಯಕ್ತಿಯು ಶತ್ರು. ಮಹಾದೇವ ದೇಸಾಯಿಯವರಿಗೆ ದೊರೆತವರು ಮಿತ್ರರು. ಇವುಗಳಲ್ಲಿ ವ್ಯಕ್ತಿಯೇ ಪ್ರಧಾನವೆಂದು ನನ್ನ ಮತ; ವ್ಯಕ್ತಿಯಿದ್ದರೆ ಉಳಿದ ಮೂರನ್ನೂ ಅವನು ಒದಗಿಸಿಕೊಳ್ಳಬಲ್ಲನು.

“ಗೌಪ್ಯದ ಗತಿಯೇನು? ಸತ್ತವರ ಮನೆಯ ಮಾತನ್ನು ಬೀದಿಗೆ ತರಬಹುದೆ?” ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ರಕ್ಷಿಸುವುದು ಬೇರೆ, ಪ್ರಕಟಿಸುವುದು ಬೇರೆ. ಬದುಕಿರುವವರಿಗೆ ನೋವಾಗುವ ಪುಟವನ್ನು ಒಂದು ತಲೆಮಾರಿನವರೆಗೆ ಮುಚ್ಚಿಡಬಹುದು. ಮುಚ್ಚಿಟ್ಟುದನ್ನು ಮುಂದೆ ತೆರೆಯಬಹುದು. ಸುಟ್ಟುದನ್ನು ತೆರೆಯಲು ಬಾರದು. ಸುಡಬೇಕೆಂದು ಬರೆದವನೇ ಸ್ಪಷ್ಟವಾಗಿ ಹೇಳಿದ್ದರೆ ಅದು ಕಠಿಣವಾದ ಧರ್ಮಸಂಕಟ. ಅದಕ್ಕೆ ಸರ್ವರೂ ಒಪ್ಪುವ ನಿರ್ಣಯವನ್ನು ಹೇಳಲು ನಾನು ಶಕ್ತನಲ್ಲ. ಆದರೆ ನಮ್ಮ ಮನೆಗಳಲ್ಲಿ ದಿನಚರಿಗಳು ಅಳಿಯುವುದು ಧರ್ಮಸಂಕಟದಿಂದಲ್ಲ, ಉದಾಸೀನದಿಂದ.

ಗುರುಗಳ ಹದಿನಾಲ್ಕು ಸಂಪುಟಗಳನ್ನು ಈಗ ನಾನು ಪ್ರತಿಮಾಡುತ್ತಿದ್ದೇನೆ. ಒಂದು ಸಂಪುಟದ ಕೊನೆಯ ಪುಟದಲ್ಲಿ ನನ್ನ ಹೆಸರನ್ನು ಕಂಡೆನು. ಅಂದಿನ ಪಾಠದಲ್ಲಿ ಕಾರಕಪ್ರಕರಣದ ಒಂದು ಸೂತ್ರವನ್ನು ಕುರಿತು ನಾನು ಕೇಳಿದ ಶಂಕೆಯನ್ನು ಅವರು ಬರೆದುಕೊಂಡು, ಹುಡುಗನು ಕೇಳಿದುದು ಸರಿಯಾಗಿದೆ, ಭಾಷ್ಯವನ್ನು ನೋಡಿ ನಾಳೆ ಉತ್ತರ ಹೇಳಬೇಕು ಎಂದು ಗುರುತುಮಾಡಿದ್ದರು. ಮರುದಿನ ಅವರು ಉತ್ತರವನ್ನು ಹೇಳಿರಲೇಬೇಕು. ಹದಿನಾರು ವಯಸ್ಸಿನ ನನಗೆ ಅದು ನೆನಪಿನಲ್ಲಿ ನಿಲ್ಲಲಿಲ್ಲ. ಆ ನಾಳೆಯಿಂದ ಪ್ರಾರಂಭವಾಗುವ ಸಂಪುಟವು ಗೆದ್ದಲಿಗೆ ಹೋದ ಹದಿನೇಳರಲ್ಲಿ ಒಂದು.

ಆದಕಾರಣ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ತಮ್ಮ ಮನೆಗಳಲ್ಲಿ ತಂದೆ, ತಾತ, ಗುರು, ಮಿತ್ರರು ಬರೆದಿಟ್ಟ ದಿನಚರಿಗಳು, ಲೆಕ್ಕದ ಪುಸ್ತಕಗಳು, ಕಡತಗಳು ಇದ್ದಲ್ಲಿ, ಬೆಲೆಯುಳ್ಳುವು ಯಾವುವು, ಬೆಲೆಯಿಲ್ಲದುವು ಯಾವುವು ಎಂದು ವಿಂಗಡಿಸುವ ಮುನ್ನ ಅವುಗಳ ಒಂದು ಪಟ್ಟಿಯನ್ನು ಮಾಡತಕ್ಕದ್ದು. ಅವನ್ನು ಅಟ್ಟದಿಂದ ಇಳಿಸಿ ಗಾಳಿಬೆಳಕಿಗೆ ಇಡತಕ್ಕದ್ದು. ಸಾಧ್ಯವಾದಷ್ಟನ್ನು ಪ್ರತಿಮಾಡಿಸಿ ಬೇರೊಂದು ಊರಿನಲ್ಲಿಯೋ ಗ್ರಂಥಾಲಯದಲ್ಲಿಯೋ ಇರಿಸತಕ್ಕದ್ದು. ಸ್ವತಃ ದಿನಚರಿಯನ್ನು ಬರೆಯುವ ಅಭ್ಯಾಸವುಳ್ಳವರು, ತಮ್ಮ ಬಳಿಕ ಅದನ್ನು ಯಾರು ನೋಡಿಕೊಳ್ಳಬೇಕೆಂಬುದನ್ನು ಅದರ ಮೊದಲ ಪುಟದಲ್ಲಿಯೇ ಬರೆದಿಟ್ಟು, ಆ ವ್ಯಕ್ತಿಗೂ ಬಾಯಾರೆ ಹೇಳತಕ್ಕದ್ದು. ಹಾಗೆ ಹೇಳಿಸಿಕೊಂಡವರು, “ಇರಲಿ,ಬರುತ್ತೇನೆ” ಎಂದು ಎರಡು ಮಳೆಗಾಲಗಳನ್ನು ಕಳೆಯದೆ, ಕೂಡಲೇ ಹೊರಡತಕ್ಕದ್ದು.